ದಿನಾ ನುಂಗಿದ ಗುಳಿಗೆ

ಮದ್ದು ಸೋತರೆ ರೋಗಿಯನ್ನು ಬೈಯುವುದು ನಮ್ಮ ವಿಜ್ಞಾನದ ಹಳೆಯ ಚಟ. ವೈರಸ್ಸು ಇಳಿದರೆ ಅದು ಮದ್ದಿನ ಗೆಲುವು, ಇಳಿಯದಿದ್ದರೆ ರೋಗಿಯ ತಪ್ಪು. ಗುಳಿಗೆ ನುಂಗಿಲ್ಲ, ನುಂಗಿದೆ ಅಂತ ಸುಳ್ಳು ಹೇಳುತ್ತಾರೆ, ಮುಗಿಯಿತು. ಇದೇ ಕೆಲಸದಲ್ಲಿ ಇಷ್ಟು ವರ್ಷ ಇದ್ದು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಆ ಉರಿ ಇರುವಾಗಲೇ ಬರೆಯಲು ಕೂತಿದ್ದೇನೆ. ತಣ್ಣಗಾದ ಮೇಲೆ ಬರೆದರೆ ಸಭ್ಯವಾಗಿ ಬರೆದುಬಿಡುತ್ತೇನೇನೋ ಅಂತ ಹೆದರಿಕೆ.

ನಾನು ಆಂಧ್ರದ ಗಡಿಯ ಆದೋನಿಯವಳು. ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪನ ಹಣೆಯಲ್ಲಿ ವಿಭೂತಿ, ತಲೆಗೂದಲಲ್ಲಿ ಹತ್ತಿಯ ಎಳೆ, ಎರಡೂ ಯಾವಾಗಲೂ ಇರುತ್ತಿದ್ದವು. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತೆಲುಗು, ಜಿನ್ನಿಂಗ್ ಮಿಲ್ಲಿನ ಗೇಟಿನ ಹತ್ತಿರ ಉರ್ದು. ಓದುತ್ತ ಓದುತ್ತ ನಾನು ವೈರಸ್ಸುಗಳ ಬೆನ್ನು ಹತ್ತಿದೆ. ಅದರಲ್ಲೂ ರೆಟ್ರೊವೈರಸ್ಸು ಅನ್ನುವ ಜಾತಿ. ಎಚ್‌ಐವಿ ಆ ಜಾತಿಯದೇ. ದೊಡ್ಡ ಊರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು.

ಅಪ್ಪ ಒಮ್ಮೆ ಊಟಕ್ಕೆ ಕೂತಾಗ ಕೇಳಿದರು, "ಅದೇನವ್ವ, ನೀ ಓದೋದು? ನನಗ ತಿಳಿಯಂಗ ಹೇಳು."

"ಒಳ್ಳೆ ಹತ್ತಿಬೀಜದ ರಾಶಿಯೊಳಗ ಕಳಪಿ ಬೀಜ ಬೆರಸಿಬಿಟ್ರ, ಆಮ್ಯಾಲ ಆರಿಸಿ ತಗೀಲಿಕ್ಕೆ ಆಗ್ತೈತೇನು ಅಪ್ಪಾಜಿ?"

"ಎಲ್ಲಿ ಆಗ್ತೈತಿ."

"ಈ ವೈರಸ್ಸೂ ಹಂಗ. ನಮ್ಮ ಜೀವಕೋಶದ ಬೀಜದಾಗ ತನ್ನ ಬೀಜ ಬೆರಸಿ ಕುಂದರ್ತೈತಿ. ತಗೀಲಿಕ್ಕೆ ಬರಂಗಿಲ್ಲ. ಮೊಳಕಿ ಒಡೀದಂಗ ದಿನಾ ಮದ್ದು ಕೊಡಬೇಕು, ಅಷ್ಟ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದರು. "ಬೆರಸಿದಾವ ಯಾರು?" ಅಂದರು.

ಯಾರೂ ಬೆರೆಸಿಲ್ಲ, ಅದೇ ಬೆರೆಯುತ್ತದೆ ಅಂದರೆ ಅವರು ನಂಬಲಿಲ್ಲ. ಕಲಬೆರಕೆ ಆಗಿದೆ ಅಂದರೆ ಎಲ್ಲೋ ಒಬ್ಬ ಕಳ್ಳ ಇರಲೇಬೇಕು, ಅದು ವ್ಯಾಪಾರಿಯ ಬುದ್ಧಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ದೊಡ್ಡ ದೊಡ್ಡ ಪದವಿಯವರ ನಡುವೆ ಕೂತಾಗಲೂ ಅದೇ ಪ್ರಶ್ನೆ ಬೇರೆ ಬೇರೆ ಇಂಗ್ಲಿಷಿನಲ್ಲಿ ಕಿವಿಗೆ ಬಿತ್ತು. ಅವರ ಮೇಲೆ ಸಿಟ್ಟಿದೆ.

ಅವ್ವನದು ಬೇರೆ ತಾಪತ್ರಯ. ಮದುವೆ ಮನೆಗಳಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಅಂತ ಕೇಳಿದರೆ "ರಕ್ತ ಪರೀಕ್ಷಿ ಮಾಡ್ತಾಳ" ಅಂತ ಹೇಳಿ ಮಾತು ಬದಲಿಸುತ್ತಿದ್ದಳು. ನಾನು ಪಕ್ಕದಲ್ಲೇ ಇದ್ದರೆ ಸುಮ್ಮನಿರುತ್ತಿರಲಿಲ್ಲ. "ಎಚ್‌ಐವಿ ಮ್ಯಾಲ ಕೆಲಸ ಮಾಡ್ತೀನಿ ಅತ್ತಿ" ಅಂತ ಜೋರಾಗಿಯೇ ಹೇಳುತ್ತಿದ್ದೆ. ಒಬ್ಬ ಅತ್ತೆ ನಾನು ಕೊಟ್ಟ ಹೋಳಿಗೆಯ ತಟ್ಟೆಯನ್ನು ಮೆಲ್ಲಗೆ ಮಂಚದ ಮೇಲೆ ಇಟ್ಟುಬಿಟ್ಟರು. ನಾನು ಅವರ ಎದುರಿಗೇ ಕೂತು ಆ ಹೋಳಿಗೆ ತಿಂದೆ, ತುಪ್ಪ ಸಾಲದು ಅಂತ ಇನ್ನಷ್ಟು ಹಾಕಿಸಿಕೊಂಡು ತಿಂದೆ. ಬರುತ್ತಿದ್ದ ಸಂಬಂಧಗಳೂ ಹಾಗೆಯೇ ಮೆಲ್ಲಗೆ ಹಿಂದೆ ಸರಿದವು. ಸರಿದವರ ಬುದ್ಧಿ ಮೊದಲೇ ತಿಳಿದದ್ದು ಒಳ್ಳೆಯದಾಯಿತು.

ಹಲವು ವರ್ಷ ಗಾಜಿನ ತಟ್ಟೆಯೊಳಗಿನ ವೈರಸ್ಸುಗಳ ಜೊತೆ ಕಳೆದ ಮೇಲೆ ನನಗೆ ನಮ್ಮ ಕಡೆಯ ಜನರ ವೈರಸ್ಸು ನೋಡಬೇಕು ಅನ್ನಿಸಿತು. ಕರ್ನೂಲು ಜಿಲ್ಲೆಯ ಪಶ್ಚಿಮದ ಭಾಗ, ಆದೋನಿ, ಕೋಸಗಿ, ನಂದವರಂ, ಪತ್ತಿಕೊಂಡದ ಸುತ್ತ. ಮದ್ದು ತೆಗೆದುಕೊಳ್ಳುತ್ತಿದ್ದರೂ ಯಾರ ರಕ್ತದಲ್ಲಿ ವೈರಸ್ಸು ಇಳಿಯುತ್ತಿಲ್ಲವೋ ಅವರ ಮಾದರಿ ತಂದು, ವೈರಸ್ಸು ಮದ್ದಿಗೆ ಮಣಿಯದಂತೆ ಬದಲಾಗಿದೆಯೇ ಎಂದು ನೋಡುವ ಯೋಜನೆ. ಪ್ರಯೋಗಾಲಯದ ಹಿರಿಯರಿಗೆ ಹೇಳಿದಾಗ ಅವರು ನಕ್ಕರು. ಅಲ್ಲಿನ ಜನ ಗುಳಿಗೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ನಿನಗೆ ಸಿಗುವುದು ಅಷ್ಟೇ, ಎಂದರು. ಅವರು ಆ ಕಡೆ ಕಾಲಿಟ್ಟವರಲ್ಲ. ಆದರೂ ಹಣ ಮಂಜೂರಾಯಿತು. ನಾನು ಹಟ ಮಾಡಿದ್ದೆ.

ನಮ್ಮ ಕಡೆ ಸುಗ್ಗಿ ಅಂದರೆ ತಮ್ಮ ಹೊಲದ ಸುಗ್ಗಿಯಲ್ಲ. ಕೋಸಗಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿಗೆ ಹೋಗುವುದು ಅಂದರೆ ಬಾಗಿಲಿಗೆ ಬೀಗ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು, ಗಂಡ ಹೆಂಡತಿ ಇಬ್ಬರೂ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೋ, ಹತ್ತಿ ಬಿಡಿಸಲು ಇನ್ನೆಲ್ಲಿಗೋ ಹೋಗುವುದು. ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೆ ಬಾಳು. ಹೀಗೆ ಹೋಗುವವರಲ್ಲಿ ವೈರಸ್ಸು ಇಳಿಯದಿದ್ದರೆ ಎಚ್‌ಐವಿ ಮದ್ದು ಕೊಡುವ ಸರ್ಕಾರಿ ಕೇಂದ್ರದವರಿಗೆ ಕಾರಣ ಹುಡುಕುವ ಕಷ್ಟವೇ ಇಲ್ಲ. ಸುಗ್ಗಿಗೆ ಹೋಗಿದ್ದಾಳೆ, ಗುಳಿಗೆ ಬಿಟ್ಟಿದ್ದಾಳೆ, ಅಷ್ಟೇ.

ನಾನು ಹೇಳಹೊರಟಿರುವ ಹೆಂಗಸೂ ಹಾಗೆ ಸುಗ್ಗಿಗೆ ಹೋಗುವವಳು. ಆಕೆಯ ಊರಿನ ಹೆಸರು ಹೇಳುವುದಿಲ್ಲ, ಕೇಂದ್ರ ಯಾವ ಊರಲ್ಲಿತ್ತು ಅನ್ನುವುದನ್ನೂ ಹೇಳುವುದಿಲ್ಲ. ಆಕೆಗೂ ಗಂಡನಿಗೂ ಎಚ್‌ಐವಿ ಇತ್ತು. ಇಬ್ಬರಿಗೂ ಒಂದೇ ಗುಳಿಗೆ, ಮೂರು ಮದ್ದು ಸೇರಿಸಿ ಮಾಡಿದ್ದು, ಆಕೆ ಬಸುರಾದ ಹೊಸತರಲ್ಲಿ ಒಟ್ಟಿಗೇ ಶುರುಮಾಡಿದ್ದು. ನಾನು ಆಕೆಯನ್ನು ನೋಡಿದಾಗ ಆಕೆ ಬಸುರಿ, ಹೊಟ್ಟೆ ಆಗಷ್ಟೇ ಕಾಣತೊಡಗಿತ್ತು. ರಕ್ತದಲ್ಲಿ ವೈರಸ್ಸು ಒಂದು ಮಟ್ಟಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಹೆರಿಗೆಯ ಹೊತ್ತಿಗೆ ಅದು ಪೂರ್ತಿ ಇಳಿಯಬೇಕು. ಇಳಿದರೆ ಕೂಸಿಗೆ ರೋಗ ತಗಲುವ ಸಾಧ್ಯತೆ ತೀರಾ ಕಮ್ಮಿ, ಇಳಿಯದಿದ್ದರೆ ಅಪಾಯ. ಆಕೆಗೂ ಅದು ಚೆನ್ನಾಗಿ ಗೊತ್ತಿತ್ತು.

ನಾನು ಅಲ್ಲಿಗೆ ಹೋದ ದಿನ ಕೌನ್ಸೆಲರಮ್ಮ ಆಕೆಯನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ಕೆಟ್ಟವರಲ್ಲ ಅವರು. ದಿನವಿಡೀ ಅದೇ ಮಾತು ಹೇಳಿ ಹೇಳಿ ದನಿ ಒಣಗಿಹೋದ ಹೆಂಗಸು.

"ನೋಡಮ್ಮಾ, ನನಗ ಸುಳ್ಳು ಹೇಳಿದ್ರ ನನಗೇನೂ ನಷ್ಟ ಇಲ್ಲ. ಹೊಟ್ಟ್ಯಾಗಿನ ಕೂಸಿಗಿ ನೀನ ಅನ್ಯಾಯ ಮಾಡ್ತೀದಿ."

"ಒಂದ್ ದಿನಾನೂ ಬಿಟ್ಟಿಲ್ಲ ಮೇಡಮ್ಮಾ. ನಿಜಂಗಾ ಬಿಟ್ಟಿಲ್ಲ."

"ಬಿಡದಿದ್ರ ಯಾಕ ಇಳೀವಲ್ದು?"

"ಅದು ನನಗೇನು ಗೊತ್ತು? ನೀವು ಓದಿದಾರು, ನೀವ ಹೇಳ್ರಿ."

ಆ ಉತ್ತರ ಕೌನ್ಸೆಲರಮ್ಮನಿಗೆ ಉದ್ಧಟತನ ಅನ್ನಿಸಿತು. ನನಗೆ ನ್ಯಾಯ ಅನ್ನಿಸಿತು. ಅದು ನಿಜವಾಗಿಯೂ ನಾವೇ ಹೇಳಬೇಕಾದದ್ದು. ಆಕೆಯ ಒಪ್ಪಿಗೆ ಪಡೆದು ರಕ್ತದ ಮಾದರಿ ತೆಗೆದುಕೊಂಡು ನಾನು ಪ್ರಯೋಗಾಲಯಕ್ಕೆ ಹೋದೆ.

ಈ ವೈರಸ್ಸು ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಬಹಳ ತಪ್ಪು ಮಾಡುತ್ತದೆ. ಆ ತಪ್ಪುಗಳಲ್ಲಿ ಕೆಲವು ಅದಕ್ಕೆ ಲಾಭವಾಗುತ್ತವೆ, ಮದ್ದಿನ ಹಿಡಿತದಿಂದ ನುಣುಚಿಕೊಳ್ಳಲು ಬರುತ್ತದೆ. ಅಂಥ ಬದಲಾವಣೆ ಸಿಕ್ಕರೆ ಮದ್ದು ಬದಲಿಸಬೇಕು ಅನ್ನುತ್ತೇವೆ. ಸಿಗದಿದ್ದರೆ ರೋಗಿ ಮದ್ದನ್ನೇ ತೆಗೆದುಕೊಂಡಿಲ್ಲ ಅನ್ನುತ್ತೇವೆ. ಮೂರನೆಯದು ನಮ್ಮ ತಲೆಗೆ ಸುಲಭವಾಗಿ ಬರುವುದಿಲ್ಲ. ಆಕೆಯ ವೈರಸ್ಸಿನಲ್ಲಿ ಒಂದು ಬದಲಾವಣೆಯೂ ಇರಲಿಲ್ಲ. ಮದ್ದಿನ ಮುಖವನ್ನೇ ಕಾಣದ ವೈರಸ್ಸಿನ ಹಾಗೆ ಶುದ್ಧವಾಗಿತ್ತು.

ಹಿರಿಯರು ಪರದೆಯನ್ನು ನೋಡಿ ಕುರ್ಚಿಗೆ ಒರಗಿದರು. "ನಾನು ಹೇಳಲಿಲ್ಲವಾ?" ಎಂದರು.

ನಾನು ಮದ್ದಿನ ಪ್ರಮಾಣವನ್ನೂ ನೋಡೋಣ ಅಂದೆ. ರಕ್ತದಲ್ಲಿ ಮದ್ದು ಎಷ್ಟಿದೆ ಅಂತ ಅಳೆಸಿದೆ. ಮದ್ದು ಇತ್ತು, ಆದರೆ ಇರಬೇಕಾದದ್ದಕ್ಕಿಂತ ಬಹಳ ಕಮ್ಮಿ. ನುಂಗಿದ್ದಾಳೆ ಅಂತ ನಾನು. ಆಸ್ಪತ್ರೆಗೆ ಬರುವ ಹಿಂದಿನ ದಿನ ಮಾತ್ರ ನುಂಗಿರುತ್ತಾಳೆ, ಎಲ್ಲರೂ ಮಾಡುವುದು ಅದನ್ನೇ, ಅಂತ ಅವರು. ನುಂಗಿದ್ದು ಸಾಬೀತಾದರೂ ಅದು ಸುಳ್ಳಿಗೆ ಸಾಕ್ಷಿಯಾಗುವುದಾದರೆ ಆಕೆ ಇನ್ನೇನು ಮಾಡಬೇಕಿತ್ತು? ಹೀಗೆ ನಾನು ಕೇಳಿದ್ದಕ್ಕೆ ಅವರು, ವಿಜ್ಞಾನಿಗೆ ರೋಗಿಗಳ ಮೇಲೆ ಮೋಹ ಇರಬಾರದು, ಎಂದರು. ಮೋಹವಂತೆ! ನಾನು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೊರಗೆ ಬಂದೆ.

ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಗಂಡ ಹೆಂಡತಿ ಇಬ್ಬರದೂ ಒಂದೇ ಗುಳಿಗೆ, ಒಂದೇ ಹೊತ್ತು. ಗಂಡನ ರಕ್ತದಲ್ಲಿ ವೈರಸ್ಸು ಹುಡುಕಿದರೂ ಸಿಗದಷ್ಟು ಇಳಿದಿತ್ತು. ಅವನೂ ಅದೇ ಟಾರ್ಪಾಲಿನ ಕೆಳಗೆ ಮಲಗಿದವನು, ಅದೇ ಮೆಣಸಿನ ಹೊಲದಲ್ಲಿ ದುಡಿದವನು. ಸುಗ್ಗಿಯೇ ಕಾರಣವಾಗಿದ್ದರೆ ಇಬ್ಬರಿಗೂ ಕಾರಣ ಆಗಬೇಕಿತ್ತು. ಬಸುರಿಯ ಮೈಯಲ್ಲಿ ಮದ್ದಿನ ಪ್ರಮಾಣ ಸ್ವಲ್ಪ ಇಳಿಯುವುದು ಉಂಟು, ಆದರೆ ಇಷ್ಟೊಂದು ಅಲ್ಲ. ಹಾಗಾದರೆ ಗಂಡನ ಹೊಟ್ಟೆಗೆ ಹೋಗದ್ದು ಏನೋ ಆಕೆಯ ಹೊಟ್ಟೆಗೆ ಹೋಗುತ್ತಿದೆ. ಗೊತ್ತಿದ್ದ ಶತ್ರುಗಳು ಸುಣ್ಣದ ಅಂಶದ ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣದ ಗುಳಿಗೆ, ಬಸುರಿಯರಿಗೆ ಕೊಡುವಂಥವು. ಇವು ಖಾಲಿ ಹೊಟ್ಟೆಯಲ್ಲಿ ಜೊತೆಗೆ ಸಿಕ್ಕರೆ ಆ ಮೂರು ಮದ್ದುಗಳಲ್ಲಿ ಮುಖ್ಯವಾದದ್ದನ್ನು ಹಿಡಿದುಕೊಂಡುಬಿಡುತ್ತವೆ, ಮದ್ದು ರಕ್ತಕ್ಕೆ ಸೇರುವುದೇ ಇಲ್ಲ. ಕೇಂದ್ರಕ್ಕೆ ಫೋನು ಮಾಡಿ ಕೇಳಿದೆ. ಅದನ್ನು ಅವರು ವಿಚಾರಿಸಿದ್ದರು. ಆಕೆ ಆ ಗುಳಿಗೆಗಳನ್ನು ಮಧ್ಯಾಹ್ನ ಉಂಡ ಮೇಲೆ ನುಂಗುತ್ತಾಳೆ, ಈ ಗುಳಿಗೆ ನಸುಕಿನಲ್ಲಿ. ನಡುವೆ ಬೇಕಾದಷ್ಟು ಅಂತರ ಇತ್ತು. ಬೇರೆ ಏನಾದರೂ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ ಇಲ್ಲ ಅಂದಿದ್ದಾಳೆ.

ಒಪ್ಪಿಗೆ ಕೊಟ್ಟವರ ಮನೆಗೆ ಹೋಗಿ ಮಾತಾಡಲು ನಮ್ಮ ಯೋಜನೆಯಲ್ಲಿ ಅವಕಾಶ ಇತ್ತು. ಪ್ರಯೋಗಾಲಯದವರು ಯಾರೂ ಅದನ್ನು ಬಳಸುತ್ತಿರಲಿಲ್ಲ. ನಾನು ಫೋನಿನಲ್ಲಿ ಆಕೆಯನ್ನೇ ಕೇಳಿದೆ, ಬರಲಾ ಅಂತ. "ಬರ್ರಿ, ಆದ್ರ ಆಸ್ಪತ್ರಿ ಗಾಡ್ಯಾಗ ಬರಬ್ಯಾಡ್ರಿ" ಅಂದಳು. ಅಕ್ಕಪಕ್ಕದವರಿಗೆ ಆಕೆಯ ಕಾಯಿಲೆ ಗೊತ್ತಿರಲಿಲ್ಲ. ಕೋಸಗಿ ಸ್ಟೇಷನ್ನಿನಲ್ಲಿ ಇಳಿದು ಷೇರ್ ಆಟೋ ಹಿಡಿದು ಹೋದೆ. ಹಿಂದಿನ ದಿನ ಮಳೆ ಹನಿದಿತ್ತು. ಕರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಮಣ ಆಗಿತ್ತು.

ಗಂಡ ಕೂಲಿಗೆ ಹೋಗಿದ್ದ. ಆಕೆ ನನ್ನನ್ನು ಒಳಗೆ ಕರೆದು ಚಾಪೆ ಹಾಸಿದಳು, ನೀರು ಕೊಟ್ಟಳು. ಕೊಟ್ಟ ಲೋಟವನ್ನು ನಾನು ಬಾಯಿಗೆ ಇಟ್ಟುಕೊಂಡು ಕುಡಿಯುವುದನ್ನು ನೋಡುತ್ತ ನಿಂತಿದ್ದಳು. ಕುಡಿದು ಮುಗಿಸಿದ ಮೇಲೆಯೇ ಕೂತಳು.

"ನೀವೂ ಬಯ್ಯಾಕ ಬಂದೀರೇನು?"

"ಇಲ್ಲ. ನೀ ನುಂಗೀದಿ ಅಂತ ನಾ ನಂಬೀನಿ. ನುಂಗಿದ್ದು ಎಲ್ಲಿಗಿ ಹೋತು ಅಂತ ಹುಡಕಾಕ ಬಂದೀನಿ."

ಆಕೆ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅಳತೊಡಗಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಷ್ಟು ದಿನದಿಂದ ಒಬ್ಬರೂ ಹೇಳದ ಮಾತು ಅದು, ಅಳು ಬರುವುದು ಸಹಜ.

ನಸುಕಿನಲ್ಲಿ ಎದ್ದಾಗಿನಿಂದ ಏನೇನು ಮಾಡುತ್ತೀ, ಒಂದನ್ನೂ ಬಿಡದೆ ಹೇಳು ಅಂದೆ. ಹೇಳಿದಳು. ಎದ್ದು ಮುಖ ತೊಳೆದು ಗಂಡ ಹೆಂಡತಿ ಇಬ್ಬರೂ ಗುಳಿಗೆ ನುಂಗುತ್ತಾರೆ. ಆಮೇಲೆ ಗಂಡ ಕೆಲಸಕ್ಕೆ ಹೊರಡುತ್ತಾನೆ. ಬಸುರಿಯಾದಾಗಿನಿಂದ ಆಕೆಗೆ ನಸುಕಿನಲ್ಲಿ ವಾಕರಿಕೆ. ಗುಳಿಗೆ ನುಂಗಿದ ಕೂಡಲೇ ವಾಂತಿ ಬರುವ ಹಾಗಾಗುತ್ತದೆ.

"ಕಕ್ಕಿದ್ರ ಗುಳಿಗಿ ಹೊರಗ ಬೀಳ್ತೈತಿ, ಕಕ್ಕಬ್ಯಾಡ ಅಂತ ಮೇಡಮ್ಮ ಗಟ್ಟಿಯಾಗಿ ಹೇಳಿದ್ರು. ನಾ ಒಂದ್ ಸಲಾನೂ ಕಕ್ಕಿಲ್ಲ ಅಕ್ಕಾ. ತಡಕೊಂತೀನಿ."

"ಹೆಂಗ ತಡಕೊಂತಿ?"

ಆಕೆ ತಲೆ ತಗ್ಗಿಸಿದಳು. ಮುಖದಲ್ಲಿ ನಗುವಿನಂಥದ್ದು ಬಂತು. ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಬಿಳಿ ಬಳಪದ ಚೂರುಗಳು.

ಬಸುರಿಯ ಬಯಕೆ ಅಂದರೆ ಕತೆಗಳಲ್ಲಿ ಮಾವಿನಕಾಯಿ, ಹುಣಸೆಹಣ್ಣು. ನಮ್ಮ ಕಡೆ ಬಳಪ. ಸ್ಲೇಟಿನ ಮೇಲೆ ಬರೆಯುವ ಬಳಪವನ್ನು ಬಾಯಲ್ಲಿಟ್ಟು ಕಟುಂ ಅಂತ ಕಡಿದು ತಿನ್ನುವುದು. ಸ್ಲೇಟು ಹಿಡಿಯುವ ಮಕ್ಕಳು ಈಗ ಎಲ್ಲಿದ್ದಾರೆ? ಆದರೂ ಆದೋನಿ ಬಜಾರಿನ ಅಂಗಡಿಗಳಲ್ಲಿ ಬಳಪದ ಡಬ್ಬಿ ಖಾಲಿಯಾಗುತ್ತಲೇ ಇರುತ್ತದೆ. ಕೊಳ್ಳುವವರು ಹೆಂಗಸರು. ಅಂಗಡಿಯವನು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಗಂಡಸರಿಗೆ ತೋರಿಸದೆ, ಅತ್ತೆಯ ಬೈಗುಳ ತಪ್ಪಿಸಿಕೊಂಡು ತಿನ್ನುವ ವಸ್ತು ಅದು. ನಾನೂ ಸಾಲೆಯಲ್ಲಿದ್ದಾಗ ತಿಂದವಳೇ. ಹೊಟ್ಟೆಯಲ್ಲಿ ಹುಳ ಆಗುತ್ತವೆ ಅಂತ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ತಿನ್ನದವರಿಗೆ ಅದರ ರುಚಿ ತಿಳಿಸಲು ಆಗುವುದಿಲ್ಲ. ಮೊದಲ ಮಳೆ ಬಿದ್ದ ನೆಲದ ವಾಸನೆ ಬಾಯೊಳಗೆ ಬಂದ ಹಾಗಿರುತ್ತದೆ.

"ಇದನ್ನ ಕಡದ್ರ ವಾಕರಿಕಿ ಕುಂದರ್ತೈತಿ" ಅಂದಳು. "ಅದಕ್ಕ ಗುಳಿಗಿ ನುಂಗಿದ ಕೂಡ್ಲೆ ತಿಂತೀನಿ. ಗುಳಿಗಿ ಒಳಗ ನಿಲ್ಲಲಿ ಅಂತ."

"ಬ್ಯಾರೆ ಏನರ ತಗೊಂತಿಯೇನು ಅಂತ ಕೇಳಿದಾಗ ಯಾಕ ಹೇಳ್ಲಿಲ್ಲ?"

"ಇದು ಊಟಾನಾ ಅಕ್ಕಾ? ಮದ್ದಾ?"

ಅದೂ ನಿಜವೇ. ಬಳಪ ಊಟವಲ್ಲ, ಮದ್ದಲ್ಲ. ಕೇಳಿದ ಪ್ರಶ್ನೆಗೆ ಆಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದಳು. ಆಕೆ ತಿನ್ನುತ್ತಿದ್ದದ್ದು ಸುಣ್ಣಕಲ್ಲಿನ ಮೆತ್ತನೆಯ ಬಳಪ. ಖಾಲಿ ಹೊಟ್ಟೆ, ಆಗಷ್ಟೇ ಇಳಿದ ಗುಳಿಗೆ, ಅದರ ಹಿಂದೆಯೇ ಮುಷ್ಟಿ ಸುಣ್ಣಕಲ್ಲು. ಮದ್ದನ್ನು ಉಳಿಸಿಕೊಳ್ಳಬೇಕು ಎಂಬ ಕಾಳಜಿಯಿಂದಲೇ ಆಕೆ ಮದ್ದಿನ ಕತ್ತು ಹಿಸುಕುತ್ತಿದ್ದಳು. ಗುಳಿಗೆ ತಪ್ಪಿಸುವವಳಾಗಿದ್ದರೆ ಇಷ್ಟು ಕಷ್ಟಪಡುತ್ತಲೇ ಇರಲಿಲ್ಲ.

ನಾನು ಕೈ ಚಾಚಿದೆ. ಆಕೆ ಗಾಬರಿಯಿಂದ ಒಂದು ಚೂರು ಕೊಟ್ಟಳು. ಬಾಯಿಗೆ ಹಾಕಿಕೊಂಡು ಕಡಿದೆ. ಈ ಸಲ ಆಕೆ ಬಾಯಿ ತುಂಬ ನಕ್ಕಳು. "ಅಯ್ಯಾ, ನೀವೂ ನಮ್ಮಾರ ಅದೀರಲ್ಲ!"

ಕೇಂದ್ರದಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ಮಣ್ಣು ತಿನ್ನುವ ಕೆಟ್ಟ ಚಟ, ಮೊದಲು ಬಿಡಿಸಿ, ಎಂದರು ಕೌನ್ಸೆಲರಮ್ಮ. ಸುಳ್ಳುಗಾತಿ ಅನ್ನುವುದು ಹೋಗಿ ಈಗ ಚಟಗಾತಿ ಅನ್ನುವುದು ಬಂತು. ನಾನು ವೈದ್ಯಳಲ್ಲ, ಮದ್ದಿನ ವಿಷಯದಲ್ಲಿ ಹೇಳುವ ಹಕ್ಕು ನನಗಿಲ್ಲ. ಕೇಂದ್ರದ ವೈದ್ಯರ ಎದುರು ಕೂತು ವಾದ ಮಾಡಿದೆ. ಬಳಪ ಒಳ್ಳೆಯದಲ್ಲ, ಒಪ್ಪಿದೆ. ಮೈಯಲ್ಲಿ ರಕ್ತ ಕಮ್ಮಿಯಿದ್ದರೆ ಆ ಬಯಕೆ ಹೆಚ್ಚುತ್ತದೆ, ಅದಕ್ಕೂ ಚಿಕಿತ್ಸೆ ಬೇಕು. ಆದರೆ ಬೈದರೆ ಆಕೆ ಬಿಡುವುದಿಲ್ಲ, ಮುಚ್ಚಿಡುತ್ತಾಳೆ. ಮುಚ್ಚಿಟ್ಟರೆ ನಮಗೆ ಮತ್ತೆ ಕತ್ತಲು. ಈಗ ತುರ್ತು ಇರುವುದು ಗುಳಿಗೆ ಮತ್ತು ಬಳಪವನ್ನು ದೂರ ಮಾಡುವುದು. ಗುಳಿಗೆಯನ್ನು ಸಂಜೆ ಊಟವಾದ ಕೂಡಲೇ ನುಂಗಲಿ, ಬಳಪ ತಡೆಯಲಾಗದಿದ್ದರೆ ಬೆಳಗ್ಗೆ ತಿನ್ನಲಿ.

"ಬಳಪ ತಿನ್ನು ಅಂತ ನಾವೇ ಹೇಳಬೇಕಾ?" ವೈದ್ಯರು ಕೇಳಿದರು.

"ಹೇಳಬೇಡಿ. ಬೈಯಬೇಡಿ ಅಂತ ಕೇಳ್ತಿದೀನಿ."

ಅವರು ಯೋಚಿಸಿದರು. ಇನ್ನೊಂದು ದಾರಿ ಮದ್ದನ್ನೇ ಬದಲಿಸುವುದು, ಹೆಚ್ಚು ಗುಳಿಗೆ, ಹೆಚ್ಚು ವಾಂತಿ. ಕೊನೆಗೆ ಒಪ್ಪಿದರು, ಮುಂದಿನ ಪರೀಕ್ಷೆಯವರೆಗೆ ಮಾತ್ರ. ಆಗಲೂ ಇಳಿಯದಿದ್ದರೆ ನಿಮ್ಮ ಮಾತು ಕೇಳುವುದಿಲ್ಲ ಎಂದರು. ನ್ಯಾಯವಾದ ಮಾತು ಅದು.

ಆ ವಾರಗಳನ್ನು ನಾನು ಹೇಗೆ ಕಳೆದೆ ಅನ್ನುವುದು ನನಗೇ ಗೊತ್ತು. ಹೊರಗೆ ಜಂಬ, ಒಳಗೆ ಅಳುಕು. ನಾನು ತಪ್ಪಾಗಿದ್ದರೆ? ಹಟಕ್ಕೆ ಬಿದ್ದು ಒಂದು ಕೂಸಿನ ದಿನಗಳನ್ನು ಹಾಳು ಮಾಡಿದ್ದರೆ? ಹಿರಿಯರ ಎದುರು ಮಾತ್ರ ತಲೆ ಎತ್ತಿಕೊಂಡೇ ಓಡಾಡಿದೆ. ಅವ್ವ ಫೋನಿನಲ್ಲಿ ದನಿ ಕೇಳಿಯೇ ಕಂಡುಹಿಡಿದಳು.

"ಯಾಕವ್ವ, ಉಂಡಿಯಿಲ್ಲ?"

ಎಲ್ಲವನ್ನೂ ಹೇಳಿದೆ, ಹೆಸರೊಂದು ಬಿಟ್ಟು. ಅವ್ವ, "ನಿನ್ನ ಹೊತ್ತಾಗ ನಾನೂ ಬಳಪ ತಿಂದೀನಿ. ನಿಮ್ಮಪ್ಪಗ ಇವತ್ತಿಗೂ ಗೊತ್ತಿಲ್ಲ" ಅಂದಳು. ನನ್ನ ಬೆನ್ನಿಗೆ ಬಿದ್ದ ಗುದ್ದುಗಳನ್ನೆಲ್ಲ ವಾಪಸು ತಗೋ ಅಂದೆ. ಮುಂದಿನ ಮದುವೆಯಲ್ಲಿ ಯಾರೋ ಕೇಳಿದಾಗ ಅವ್ವ ಎಚ್‌ಐವಿ ಅಂತ ಪೂರ್ತಿ ಹೇಳಿದಳಂತೆ. ಹೇಳಿದ್ದನ್ನು ನನಗೆ ವರದಿ ಮಾಡಲು ಅಲ್ಲಿಂದಲೇ ಫೋನು ಮಾಡಿದ್ದಳು.

ವೈರಸ್ಸು ಇಳಿಯಿತು. ಮುಂದಿನ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಎಷ್ಟೋ ಕೆಳಗೆ, ಹೆರಿಗೆಗೆ ಮುಂಚಿನ ಪರೀಕ್ಷೆಯಲ್ಲಿ ಗಂಡನಂತೆಯೇ, ಹುಡುಕಿದರೂ ಸಿಗಲಿಲ್ಲ. ಮದ್ದು ಅದೇ, ಹೆಂಗಸು ಅವಳೇ. ನಾನು ಫಲಿತಾಂಶವನ್ನು ಹಿರಿಯರ ಮೇಜಿನ ಮೇಲೆ ಇಟ್ಟೆ. ಒಬ್ಬ ರೋಗಿಯಿಂದ ಏನೂ ಸಾಬೀತಾಗುವುದಿಲ್ಲ ಎಂದರು. ಹೌದು, ಆಗುವುದಿಲ್ಲ. ಹಾಗಾದರೆ ಒಬ್ಬಳ ಮೇಲೂ ಸಾಬೀತಾಗದೆ ನೀವು ಎಲ್ಲರನ್ನೂ ಸುಳ್ಳುಗಾರರು ಅನ್ನುತ್ತಿದ್ದದ್ದು ಯಾವ ಲೆಕ್ಕದಲ್ಲಿ ಅಂತ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡರು. ನಾನು ಬರೆದ ಲೇಖನವೂ ವಾಪಸು ಬಂತು. ರೋಗಿ ಹೇಳುವ ಮಾತನ್ನು ಆಧಾರವಾಗಿ ತೆಗೆದುಕೊಳ್ಳಲಾಗದು ಎಂಬ ಟಿಪ್ಪಣಿ ಜೊತೆಗಿತ್ತು. ಮತ್ತೆ ಕಳಿಸಿದ್ದೇನೆ, ಬೇರೆ ಕಡೆ. ಅಲ್ಲಿಂದಲೂ ವಾಪಸು ಬಂದರೆ ಇನ್ನೊಂದು ಕಡೆ. ಈಗ ಯಾವ ಮಾದರಿ ತೆಗೆದರೂ ಬಳಪ, ಸುಣ್ಣ, ಮಣ್ಣು ತಿನ್ನುತ್ತೀರಾ ಎಂದು ನಾನೇ ಮೊದಲು ಕೇಳುತ್ತೇನೆ. ನಾನೂ ತಿಂದವಳು ಅಂತ ಹೇಳಿದ ಮೇಲೆ ಕೇಳುತ್ತೇನೆ. ಸೆರಗಿನ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಹೆಣ್ಣು ಕೂಸು ಹುಟ್ಟಿತು. ಅದರ ರಕ್ತದ ಫಲಿತಾಂಶ ಬರುವ ದಿನ ನಾನೂ ಕೇಂದ್ರಕ್ಕೆ ಹೋಗಿದ್ದೆ. ಬೆಂಚುಗಳ ತುಂಬ ಜನ. ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೌನ್ಸೆಲರಮ್ಮನ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಕೌನ್ಸೆಲರಮ್ಮ ಕಾಗದ ನೋಡಿ ಮುಖ ಅರಳಿಸಿದರು. ಕೂಸಿಗೆ ಏನೂ ಇಲ್ಲ. ಇನ್ನೂ ಪರೀಕ್ಷೆಗಳಿವೆ, ಆದರೆ ಇದು ಒಳ್ಳೆಯ ಸುದ್ದಿ.

ಆಕೆ ಕೂಸಿನ ತಲೆಗೆ ಮುಖ ಒತ್ತಿಕೊಂಡಳು. ಕೌನ್ಸೆಲರಮ್ಮ ಪೆನ್ನು ತೆಗೆದುಕೊಂಡು ಆಕೆಯ ಚೀಟಿಯಲ್ಲಿ ಬರೆಯುತ್ತ, ಖುಷಿಯಿಂದಲೇ ಅಂದರು, "ನೋಡಮ್ಮಾ, ನಾ ಹೇಳಿದಂಗ ಆಮ್ಯಾಲರ ಸರಿಯಾಗಿ ಗುಳಿಗಿ ತಗೊಂಡಿ, ಕೂಸು ಉಳೀತು. ಮೊದಲ ಹಂಗ ಮಾಡಿದ್ರ ಇಷ್ಟು ಕಷ್ಟ ಇತ್ತೇನು?"

ಬರೆದದ್ದು ನನಗೆ ಕಾಣುತ್ತಿತ್ತು. ಬುದ್ಧಿ ಹೇಳಿದ ಮೇಲೆ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾಳೆ, ಇಂಗ್ಲಿಷಿನಲ್ಲಿ. ಅದು ಸುಳ್ಳು ಅನ್ನಲು ಬಾಯಿ ತೆರೆದೆ. ಆಕೆ ಕೂಸಿನ ಮೇಲಿದ್ದ ಕೈ ಎತ್ತಿ ನನ್ನ ಮೊಣಕೈ ಹಿಡಿದಳು.

"ಆಮ್ಯಾಲ ಅಲ್ಲ ಮೇಡಮ್ಮಾ. ಮೊದಲಿಂದ್ಲೂ ತಗೊಂಡೀನಿ."

"ಸರೇಲೇಮ್ಮಾ, ಅದೆಲ್ಲ ಈಗ್ಯಾಕ? ಆಗಿದ್ದು ಆಗಿ ಹೋತು."

"ಈಗ ಬೇಕು." ಆಕೆಯ ದನಿ ಏರಲಿಲ್ಲ. "ಈಕಿ ದೊಡ್ಡಾಕಿ ಆಗ್ತಾಳ. ನಿಮ್ಮವ್ವ ಗುಳಿಗಿ ನುಂಗದ ನಿನ್ನ ಹೊತ್ತಿದ್ಲು ಅಂತ ಯಾರರ ಈಕಿಗಿ ಹೇಳಿದ್ರ? ನಾ ವಾಂತಿ ಬಾಯಿತನ ಬಂದ್ರೂ ನುಂಗೀನಿ. ಅದನ್ನ ಹೊಡದಾಕಿ, ಇದನ್ನ ಬರೀರಿ."

ಕೌನ್ಸೆಲರಮ್ಮ ಮುಂದಿನವರನ್ನು ಕೂಗಿದರು. ಮುಂದಿನವನು ಎದ್ದು ಬಂದು, ಆಕೆ ಕುರ್ಚಿ ಬಿಡದ್ದನ್ನು ನೋಡಿ ವಾಪಸು ಹೋಗಿ ಕೂತ. ಬೆಂಚಿನ ಮೇಲಿದ್ದವರೆಲ್ಲ ಈ ಕಡೆ ತಿರುಗಿದರು. ಅಲ್ಲಿದ್ದ ಒಬ್ಬೊಬ್ಬರೂ ಎಂದಾದರೊಂದು ದಿನ ಆ ಕುರ್ಚಿಯಲ್ಲಿ ಕೂತು ಬೈಸಿಕೊಂಡವರೇ. ಕೌನ್ಸೆಲರಮ್ಮ ಅವರನ್ನು ನೋಡಿದರು, ಆಕೆಯನ್ನು ನೋಡಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿದರು, ಕೆಳಗೆ ಒಂದು ಸಾಲು ಬರೆದು ಚೀಟಿಯನ್ನು ಮುಂದೆ ತಳ್ಳಿದರು.

ಆಕೆಗೆ ಓದಲು ಬರುವುದಿಲ್ಲ. ಚೀಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಏನು ಬರದಾರ ಓದ್ರಿ ಅಕ್ಕಾ. ಅಲ್ಲಿ ಕುಂತಾರಿಗೂ ಕೇಳಲಿ."

ನಾನು ಹಿಂದಿನ ಬೆಂಚಿಗೂ ಮುಟ್ಟುವಂತೆ ನಮ್ಮ ಮಾತಿನಲ್ಲಿ ಓದಿದೆ: "ಈಕಿ ಮೊದಲನೇ ದಿನದಿಂದ ಇವತ್ತಿನ ತನಕ ಒಂದು ಗುಳಿಗೀನೂ ತಪ್ಪಿಸಿಲ್ಲ."